ಮೇರಿ ಬಾರಾ ಹತ್ತಿದ ಏಣಿಯನ್ನು ಆಮೇಲೆ ಯಾರೂ ಯಾಕೆ ಹತ್ತಲಿಲ್ಲ?

2014ರ ಜನವರಿ 15ರಂದು ಮೇರಿ ಬಾರಾ ಅಮೆರಿಕದ ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಸಿಇಒ ಆದರು. ದೊಡ್ಡ ಕಾರು ಕಂಪನಿಯೊಂದನ್ನು ನಡೆಸುವ ಮೊದಲ ಮಹಿಳೆ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅದಾಗಿ 12 ವರ್ಷ ಕಳೆಯಿತು. ಫೋರ್ಡ್, ಟೊಯೊಟಾ, ಫೋಕ್ಸ್‌ವ್ಯಾಗನ್, ಹುಂಡೈ, ಹೋಂಡಾ, ಈ ಯಾವ ಕಂಪನಿಯ ತುದಿಯ ಕುರ್ಚಿಯಲ್ಲೂ ಇನ್ನೂ ಒಬ್ಬ ಹೆಂಗಸು ಕೂತಿಲ್ಲ. ಬಾಗಿಲು ತೆರೆಯಿತು ಎಂದು ಅವತ್ತು ಸಂಭ್ರಮಿಸಿದವರು ಜಾಸ್ತಿ. ತೆರೆದ ಬಾಗಿಲಲ್ಲಿ ಇನ್ನೊಬ್ಬರು ಯಾಕೆ ಬರಲಿಲ್ಲ ಎಂದು ಕೇಳಿದವರು ಕಮ್ಮಿ.

ಇದಕ್ಕೆ ಉತ್ತರ ಹುಡುಕಬೇಕಾದ್ದು ಅವರು ಸಿಇಒ ಆಗುವುದಕ್ಕೂ ಮೊದಲಿನ 33 ವರ್ಷಗಳಲ್ಲಿ ಅಂತ ನನಗೆ ಅನ್ನಿಸುತ್ತದೆ. ಅವರು ಯಾವ ಕೆಲಸದಿಂದ ಯಾವ ಕೆಲಸಕ್ಕೆ ಹೋದರು ಅನ್ನುವುದನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಬೇಕು. ಆಗ ಕಾರು ಉದ್ಯಮ ಹೆಂಗಸರನ್ನು ಸಾಮಾನ್ಯವಾಗಿ ಯಾವ ಮೆಟ್ಟಿಲಲ್ಲಿ ನಿಲ್ಲಿಸಿಬಿಡುತ್ತದೆ ಅನ್ನುವುದೂ ಕಾಣುತ್ತದೆ.

ಮೇರಿ ಹುಟ್ಟಿದ್ದು 1961ರಲ್ಲಿ, ಮಿಷಿಗನ್ ರಾಜ್ಯದಲ್ಲಿ. ಡೆಟ್ರಾಯಿಟ್ ಸುತ್ತಮುತ್ತ ಆಗ ಮನೆಗೊಬ್ಬರು ಅನ್ನುವ ಹಾಗೆ ಕಾರು ಕಾರ್ಖಾನೆಯ ಸಂಬಳ ತರುತ್ತಿದ್ದ ಕಾಲ. ಅಪ್ಪ ರೇ ಮಕೆಲಾ ಜಿಎಂನ ಪಾಂಟಿಯಾಕ್ ವಿಭಾಗದಲ್ಲಿ 39 ವರ್ಷ ಡೈ ಮೇಕರ್ ಆಗಿದ್ದರು. ಉಕ್ಕಿನ ಹಾಳೆಯನ್ನು ಒತ್ತಿ ಬಾಗಿಲು, ಬಾನೆಟ್, ಫೆಂಡರ್ ಮಾಡುವ ದೊಡ್ಡ ಅಚ್ಚುಗಳಿರುತ್ತವಲ್ಲ, ಅವನ್ನು ತಯಾರಿಸುವ ಕೆಲಸ. ಅಚ್ಚು ಕೂದಲೆಳೆಯಷ್ಟು ತಪ್ಪಿದರೂ ಅದರಿಂದ ಬರುವ ಸಾವಿರಾರು ಬಾಗಿಲು ತಪ್ಪಾಗಿಯೇ ಬರುತ್ತವೆ.

1980ರಲ್ಲಿ, 18ನೇ ವಯಸ್ಸಿಗೆ, ಮಗಳೂ ಅದೇ ಪಾಂಟಿಯಾಕ್ ವಿಭಾಗಕ್ಕೆ ಬಂದರು. ಸಾಲಿನಲ್ಲಿ ಬರುವ ಫೆಂಡರ್, ಬಾನೆಟ್‌ಗಳನ್ನು ತಪಾಸಣೆ ಮಾಡುವುದು ಅವರ ಕೆಲಸ. ಆ ಸಂಬಳದಲ್ಲಿ ಕಾಲೇಜಿನ ಫೀಸು ಕಟ್ಟುತ್ತಿದ್ದರು. ಕಾಲೇಜು ಯಾವುದು ಗೊತ್ತಾ? ಫ್ಲಿಂಟ್ ಊರಿನ ಜನರಲ್ ಮೋಟರ್ಸ್ ಇನ್‌ಸ್ಟಿಟ್ಯೂಟ್. ಕಂಪನಿಯೇ ತನಗೆ ಬೇಕಾದ ಇಂಜಿನಿಯರುಗಳನ್ನು ತಯಾರು ಮಾಡಿಕೊಳ್ಳಲು ನಡೆಸುತ್ತಿದ್ದ ಕಾಲೇಜು. ಕೆಲವು ವಾರ ಪಾಠ, ಕೆಲವು ವಾರ ಕಾರ್ಖಾನೆ, ಮತ್ತೆ ಪಾಠ. 1982ರಲ್ಲಿ ಜಿಎಂ ಅದನ್ನು ತನ್ನಿಂದ ಬೇರ್ಪಡಿಸಿತು. ಈಗ ಅದರ ಹೆಸರು ಕೆಟರಿಂಗ್ ಯೂನಿವರ್ಸಿಟಿ. ಬಾರಾ 1985ರಲ್ಲಿ ಅಲ್ಲಿಂದ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿ ಪಡೆದರು.

ಇದು ಏಣಿಯ ಮೊದಲ ಮೆಟ್ಟಿಲು. ದುಡ್ಡಿರುವ ಮನೆಯ ಮಕ್ಕಳಿಗೆ ಇದರ ಬೆಲೆ ಗೊತ್ತಾಗುವುದಿಲ್ಲ. ಕೆಲಸ ಮಾಡುತ್ತಲೇ ಓದುವ ದಾರಿ ಇಲ್ಲದಿದ್ದರೆ ಕಾರ್ಮಿಕನ ಮಗಳಿಗೆ ಇಂಜಿನಿಯರಿಂಗ್ ಕೈಗೆಟುಕುವುದು ಕಷ್ಟವಿತ್ತು. ಎರಡನೇ ಮೆಟ್ಟಿಲನ್ನೂ ಕಂಪನಿಯೇ ಹಾಕಿಕೊಟ್ಟಿತು. ಜಿಎಂ ಫೆಲೋಶಿಪ್ ಮೇಲೆ ಅವರು ಸ್ಟ್ಯಾನ್‌ಫರ್ಡ್‌ಗೆ ಹೋದರು, 1990ರಲ್ಲಿ ಎಂಬಿಎ ಮುಗಿಸಿದರು.

ಮೂರನೆಯದು ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳದ ಮೆಟ್ಟಿಲು. 1990ರ ದಶಕದಲ್ಲಿ ಅವರು ಆಗಿನ ಸಿಇಒ ಜ್ಯಾಕ್ ಸ್ಮಿತ್ ಅವರ ಎಕ್ಸಿಕ್ಯೂಟಿವ್ ಅಸಿಸ್ಟೆಂಟ್ ಆಗಿದ್ದರು. ಹೆಸರು ಕೇಳಿ ಅಪಾಯಿಂಟ್‌ಮೆಂಟ್ ಬರೆದಿಡುವ ಕೆಲಸ ಅಂದುಕೊಳ್ಳಬೇಡಿ. ದೊಡ್ಡ ಕಂಪನಿಗಳಲ್ಲಿ ಮುಂದೆ ಬರುತ್ತಾರೆ ಅನ್ನಿಸಿದವರನ್ನು ಆರಿಸಿ ಈ ಜಾಗದಲ್ಲಿ ಕೂರಿಸುತ್ತಾರೆ. ತುದಿಯಲ್ಲಿ ನಿಂತವನಿಗೆ ಯಾವ ಕಾಗದ ಬರುತ್ತದೆ, ಅವನು ಯಾರಿಗೆ ಫೋನ್ ಮಾಡುತ್ತಾನೆ, ಯಾವುದಕ್ಕೆ ಬೇಡ ಅನ್ನುತ್ತಾನೆ, ಎಲ್ಲವನ್ನೂ ಪಕ್ಕದಲ್ಲೇ ಇದ್ದು ನೋಡಬಹುದು. ಇಂಥ ಜಾಗಕ್ಕೆ ಹುಡುಗರನ್ನು ಕರೆದುಕೊಳ್ಳುವುದು ಯಾವ ಊರಲ್ಲೂ ಹೊಸತಲ್ಲ. ಒಬ್ಬ ಹೆಣ್ಣು ಇಂಜಿನಿಯರನ್ನು ಕರೆದುಕೊಂಡದ್ದು ಆ ಕಾಲಕ್ಕೆ ಹೊಸತು.

ನಾಲ್ಕನೆಯ ಮೆಟ್ಟಿಲು ಕಾರ್ಖಾನೆ. ನನ್ನ ಲೆಕ್ಕದಲ್ಲಿ ಉಳಿದೆಲ್ಲವೂ ಇದರ ಮೇಲೆ ನಿಂತಿದೆ. 2003ರ ಹೊತ್ತಿಗೆ ಬಾರಾ ಡೆಟ್ರಾಯಿಟ್-ಹ್ಯಾಮ್‌ಟ್ರಾಮ್ಕ್ ಕಾರ್ಖಾನೆಯ ಮ್ಯಾನೇಜರ್ ಆಗಿದ್ದರು. ಆ ಕಾರ್ಖಾನೆಗೆ ತನ್ನದೇ ಕಥೆ ಇದೆ. ಅದನ್ನು ಕಟ್ಟಲು 1980ರ ದಶಕದ ಆರಂಭದಲ್ಲಿ ಪೋಲ್‌ಟೌನ್ ಎಂಬ ಇಡೀ ಬಡಾವಣೆಯನ್ನು ನೆಲಸಮ ಮಾಡಿ 4,000ಕ್ಕೂ ಜಾಸ್ತಿ ಜನರನ್ನು ಎಬ್ಬಿಸಿದ್ದರು. ಅಷ್ಟು ಬೆಲೆ ತೆತ್ತ ಜಾಗ ಅದು. ಮುಂದೆ ಈ ಕಾರ್ಖಾನೆ ಈ ಲೇಖನದಲ್ಲಿ ಮತ್ತೆ ಬರುತ್ತದೆ, ನೆನಪಿರಲಿ.

ಕಾರ್ಖಾನೆ ಮ್ಯಾನೇಜರ್ ಅಂದರೆ ಏನು ಕೆಲಸ? ಅಸೆಂಬ್ಲಿ ಸಾಲು ಒಂದು ನಿಮಿಷ ನಿಂತರೆ ಒಂದು ಕಾರು ಹೋಯಿತು ಅಂತಲೇ ಲೆಕ್ಕ. ಒಂದು ಬೋಲ್ಟ್ ಹೊತ್ತಿಗೆ ಬರದಿದ್ದರೆ ಸಾವಿರಾರು ಜನ ಸುಮ್ನೆ ನಿಲ್ಲುತ್ತಾರೆ. ಬೆಳಗಿನ ಪಾಳಿಯ ತಪ್ಪು ರಾತ್ರಿ ಪಾಳಿಗೆ ದಾಟಬಾರದು. ಯೂನಿಯನ್ ನಾಯಕರ ಜೊತೆ ದಿನಾ ಮಾತು. ಯಾರದ್ದೋ ಕೈ ಯಂತ್ರಕ್ಕೆ ಸಿಕ್ಕರೆ ಮೊದಲು ಓಡಬೇಕಾದವರು ಇವರೇ. ತಿಂಗಳ ಕೊನೆಗೆ ಎಲ್ಲವೂ ಒಂದು ಸಂಖ್ಯೆಯಾಗಿ ಮೇಲಕ್ಕೆ ಹೋಗುತ್ತದೆ. ಆ ಸಂಖ್ಯೆಗೆ ನೆಪ ಹೇಳಲು ಆಗುವುದಿಲ್ಲ. ಅದಕ್ಕೇ ಕಾರು ಕಂಪನಿಗಳಲ್ಲಿ "ಇವರು ಪ್ಲಾಂಟ್ ನಡೆಸಿದವರು" ಎಂಬ ಮಾತಿಗೆ ಬೇರೆಯೇ ತೂಕ. ಸಭೆಯಲ್ಲಿ ಅಂಥವರ ಮಾತನ್ನು ಅರ್ಧಕ್ಕೆ ತಡೆಯುವುದು ಕಷ್ಟ.

ಕಂಪನಿಗಳಲ್ಲಿ ಕೆಲಸಗಳನ್ನು ಎರಡಾಗಿ ನೋಡುತ್ತಾರೆ. ಲಾಭ ನಷ್ಟದ ಹೊಣೆ ನೇರವಾಗಿ ತಲೆ ಮೇಲೆ ಇರುವ ಕೆಲಸಗಳು ಒಂದು ಕಡೆ: ಉತ್ಪಾದನೆ, ಹೊಸ ಮಾದರಿ ತಯಾರಿ, ಖರೀದಿ, ಮಾರಾಟ. ಅದಕ್ಕೆ ಬೆಂಬಲವಾಗಿ ನಿಲ್ಲುವ ಕೆಲಸಗಳು ಇನ್ನೊಂದು ಕಡೆ: ಎಚ್ಆರ್, ಕಾನೂನು, ಪ್ರಚಾರ. ಎರಡೂ ಬೇಕು. ಆದರೆ ಸಿಇಒ ಆರಿಸುವಾಗ ಕಂಪನಿಯ ನಿರ್ದೇಶಕರ ಮಂಡಳಿ ಕಣ್ಣು ಹಾಯಿಸುವುದು ಮೊದಲ ಗುಂಪಿನ ಮೇಲೆ. ಮೇಲಿನ ಹಂತಕ್ಕೆ ಬಂದ ಹೆಂಗಸರು ಹೆಚ್ಚಾಗಿ ಸಿಗುವುದು ಎರಡನೇ ಗುಂಪಿನಲ್ಲಿ. ಯಾರೂ ಬೇಕಂತ ತಡೆಯಬೇಕಾಗಿಲ್ಲ. "ಆಕೆ ಜನರ ಜೊತೆ ಚೆನ್ನಾಗಿ ಮಾತಾಡುತ್ತಾಳೆ, ಎಚ್ಆರ್‌ಗೆ ಸರಿ" ಅನ್ನುವ ಒಂದು ಹೊಗಳಿಕೆ ಸಾಕು. ಅಲ್ಲಿಂದ ಮುಂದೆ ದಾರಿ ಇರುವುದಿಲ್ಲ.

ಬಾರಾ ಅವರಿಗೂ ಆ ತಿರುವು ಬಂತು. 2008ರಲ್ಲಿ ಅವರು ಜಗತ್ತಿನ ಎಲ್ಲ ಜಿಎಂ ಕಾರ್ಖಾನೆಗಳ ಉತ್ಪಾದನಾ ಇಂಜಿನಿಯರಿಂಗ್‌ನ ಉಪಾಧ್ಯಕ್ಷೆ. 2009ರ ಜೂನ್ 1ರಂದು ಜಿಎಂ ದಿವಾಳಿ ಅರ್ಜಿ ಹಾಕಿತು. ಜುಲೈನಲ್ಲಿ ಅವರನ್ನು ಎಚ್ಆರ್ ಮುಖ್ಯಸ್ಥೆ ಮಾಡಿದರು. ಹೊರಗಿನಿಂದ ನೋಡಿದರೆ ಬದಿಗೆ ಸರಿಸಿದ ಹಾಗೇ ಕಾಣುತ್ತದೆ. ಆದರೆ ಆ ವರ್ಷ ಕಂಪನಿಯ ಅತಿ ಕಷ್ಟದ ಕೆಲಸ ಅದೇ ಆಗಿತ್ತು. ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಕಳಿಸಬೇಕು, ಉಳಿದವರಲ್ಲಿ ಮತ್ತೆ ಹೇಗೆ ಧೈರ್ಯ ತುಂಬಬೇಕು ಅನ್ನುವುದು ಆಗ ದಿನದಿನದ ಪ್ರಶ್ನೆ.

ಆ ಕಾಲದ ಒಂದು ಸಣ್ಣ ಸಂಗತಿಯನ್ನು ಬಾರಾ ಆಮೇಲೆ ತಾವೇ ಹೇಳಿಕೊಂಡಿದ್ದಾರೆ. ಜಿಎಂನಲ್ಲಿ ಉದ್ಯೋಗಿಗಳು ಏನು ತೊಡಬೇಕು ಅನ್ನುವುದಕ್ಕೆ 10 ಪುಟಗಳ ನಿಯಮ ಇತ್ತು. ಅದನ್ನು ಅವರು ಒಂದೇ ಮಾತಿಗೆ ಇಳಿಸಿದರು: ಸಂದರ್ಭಕ್ಕೆ ತಕ್ಕ ಹಾಗೆ ಬಟ್ಟೆ ಹಾಕಿ. ಒಬ್ಬ ಹಿರಿಯ ಅಧಿಕಾರಿ ಒಪ್ಪಲಿಲ್ಲ. ನಮ್ಮ ತಂಡದವರು ಸರ್ಕಾರಿ ಅಧಿಕಾರಿಗಳನ್ನು ಇದ್ದಕ್ಕಿದ್ದ ಹಾಗೆ ನೋಡಲು ಹೋಗಬೇಕಾಗುತ್ತದೆ, ಇವರು ಜೀನ್ಸ್ ಹಾಕಿಕೊಂಡು ಬಂದರೆ ಏನು ಮಾಡಲಿ ಎಂದು ಕೇಳಿದರು. ನಿಮ್ಮ ತಂಡದ ಜೊತೆಗೇ ಕೂತು ಮಾತಾಡಿ ಎಂದರು ಬಾರಾ. ಸ್ವಲ್ಪ ಹೊತ್ತಿಗೆ ಆತ ಮತ್ತೆ ಫೋನ್ ಮಾಡಿದರು. ಅಂಥ ಕೆಲಸ ಇರುವವರು ಒಂದು ಜೊತೆ ಒಳ್ಳೆ ಪ್ಯಾಂಟನ್ನು ಲಾಕರಿನಲ್ಲಿ ಇಟ್ಟುಕೊಳ್ಳುತ್ತಾರಂತೆ. ಅಲ್ಲಿಗೆ ಮುಗಿಯಿತು. ಕೋಟ್ಯಂತರ ಡಾಲರ್ ವ್ಯವಹಾರ ಕೈಯಲ್ಲಿರುವ ಮ್ಯಾನೇಜರ್ ಪ್ಯಾಂಟಿನ ವಿಷಯಕ್ಕೆ ಪುಸ್ತಕ ತೆರೆದು ನೋಡುವ ಅಭ್ಯಾಸದಲ್ಲಿದ್ದ ಅಂದರೆ, ಆ ಕಂಪನಿ ಯಾಕೆ ದಿವಾಳಿ ಆಯಿತು ಅನ್ನುವುದಕ್ಕೆ ಇದೂ ಒಂದು ಉತ್ತರ.

2011ರಲ್ಲಿ ಸಾಮಾನ್ಯವಾಗಿ ಆಗದ ಒಂದು ಸಂಗತಿ ಆಯಿತು. ಎಚ್ಆರ್‌ನಿಂದ ಅವರನ್ನು ಹೊಸ ಕಾರುಗಳ ತಯಾರಿಯ ಮುಖ್ಯಸ್ಥೆ ಮಾಡಿದರು. ಎಚ್ಆರ್‌ಗೆ ಹೋದ ಹೆಂಗಸು ಅಲ್ಲಿಂದ ಕಾರಿನ ಕೆಲಸಕ್ಕೆ ವಾಪಸ್ ಬರುವುದು ಅಪರೂಪದಲ್ಲಿ ಅಪರೂಪ. ಬಾರಾ ಬಂದದ್ದು ಹೇಗೆ? ಮೊದಲೇ ಪ್ಲಾಂಟ್ ನಡೆಸಿದ್ದರು. ಇಂಜಿನಿಯರಿಂಗ್ ಹೊಣೆ ಹೊತ್ತಿದ್ದರು. ಆ ಗಟ್ಟಿ ನೆಲ ಕಾಲ ಕೆಳಗಿಲ್ಲದೆ ನೇರ ಎಚ್ಆರ್‌ಗೆ ಬಂದವರಿಗೆ ಈ ಬಾಗಿಲು ತೆರೆಯುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ. ಹೊಸ ಜಾಗದಲ್ಲಿ ಅವರು ನಡುವಿನ ಹಂತಗಳನ್ನು ಕಮ್ಮಿ ಮಾಡಿದರು. ಬೇರೆ ಬೇರೆ ಕಾರುಗಳ ಅಡಿಪಾಯಗಳನ್ನು ಒಂದಕ್ಕೊಂದು ಹತ್ತಿರ ತಂದರು. 2013ರಲ್ಲಿ ಬಿಡಿಭಾಗಗಳ ಖರೀದಿಯ ಹೊಣೆಯೂ ಸೇರಿತು.

2013ರ ಡಿಸೆಂಬರ್ 9ರಂದು ಅಮೆರಿಕ ಸರ್ಕಾರ ಜಿಎಂನಲ್ಲಿದ್ದ ತನ್ನ ಕೊನೆಯ ಷೇರುಗಳನ್ನು ಮಾರಿತು. ದಿವಾಳಿಯಿಂದ ಎತ್ತಲು ಸರ್ಕಾರ 4,950 ಕೋಟಿ ಡಾಲರ್ ಹಾಕಿತ್ತು. ಅದರಲ್ಲಿ 1,000 ಕೋಟಿಗೂ ಜಾಸ್ತಿ ವಾಪಸ್ ಬರಲಿಲ್ಲ. ಮಾರನೇ ದಿನವೇ, ಡಿಸೆಂಬರ್ 10ಕ್ಕೆ, ಬಾರಾ ಹೆಸರು ಘೋಷಣೆಯಾಯಿತು. ಹಿಂದಿನ ಸಿಇಒ ಡ್ಯಾನ್ ಅಕರ್ಸನ್, ಮಗಳು ಕಾಲೇಜು ಮುಗಿಸಿದ್ದನ್ನು ನೋಡಿದ ಹಾಗಾಯಿತು ಅನ್ನುವ ಅರ್ಥದ ಮಾತು ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು. ಆದರೂ ಕಿವಿಗೆ ಕುಟುಕುತ್ತದೆ. ಅಕರ್ಸನ್ ಕಾರು ಉದ್ಯಮಕ್ಕೆ ಹೊರಗಿನಿಂದ ಬಂದವರು. ಬಾರಾ ಅವರಿಗೆ ಆಗ 51 ವರ್ಷ, ಅದೇ ಕಂಪನಿಯಲ್ಲಿ 33 ವರ್ಷದ ಅನುಭವ. ಇಬ್ಬರಲ್ಲಿ ಕಾರು ಜಾಸ್ತಿ ಗೊತ್ತಿದ್ದದ್ದು ಯಾರಿಗೆ ಎಂದು ಕೇಳಬೇಕಾಗಿಲ್ಲ, ಅಲ್ವಾ?

ಕುರ್ಚಿಗೆ ಬಂದು ಎರಡು ವಾರ ಆಗಿತ್ತು. ಇಗ್ನಿಷನ್ ಸ್ವಿಚ್ ದೋಷಕ್ಕೆ ಕಾರುಗಳನ್ನು ವಾಪಸ್ ಕರೆಸಬೇಕು ಎಂಬ ವಿಷಯ ಜನವರಿ 31ಕ್ಕೆ ಅವರ ಮೇಜಿಗೆ ಬಂತು.

ಈ ಸ್ವಿಚ್ಚನ್ನು ಹತ್ತಿರದಿಂದ ನೋಡೋಣ. ಕಾರಿನ ಕೀಲಿ ತಿರುಗಿಸುವಾಗ ಕೈಗೆ ಒಂದು ಸಣ್ಣ ಬಿಗಿ ಸಿಗುತ್ತದಲ್ಲ, ಟಕ್ ಎಂದು ಕೂರುವ ಹಾಗೆ? ಅದನ್ನು ಕೊಡುವುದು ಒಳಗಿನ ಒಂದು ಪುಟ್ಟ ಪ್ಲಂಜರ್, ಅಂದರೆ ಒತ್ತಿ ಹಿಡಿಯುವ ಕಡ್ಡಿ, ಮತ್ತು ಸ್ಪ್ರಿಂಗ್. ಜಿಎಂನ ಶೆವರ್ಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಮುಂತಾದ ಕಾರುಗಳಲ್ಲಿ ಆ ಬಿಗಿ ಸಾಲದಾಗಿತ್ತು. ಕೀಲಿಗೊಂಚಲು ಸ್ವಲ್ಪ ಭಾರ ಇದ್ದರೆ, ಮೊಣಕಾಲು ತಾಗಿದರೆ, ಚಕ್ರ ಗುಂಡಿಗೆ ಬಿದ್ದರೆ, ಕೀಲಿ ತಾನಾಗಿಯೇ ಒಂದು ಹಂತ ಹಿಂದಕ್ಕೆ ಜಾರುತ್ತಿತ್ತು. ಓಡುತ್ತಿರುವ ಕಾರಿನ ಎಂಜಿನ್ ನಿಲ್ಲುತ್ತಿತ್ತು. ಸ್ಟೀರಿಂಗ್ ಗಟ್ಟಿಯಾಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು, ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆದುಕೊಳ್ಳುತ್ತಿರಲಿಲ್ಲ.

ಕಂಪನಿಯೊಳಗೆ ಕೆಲವರಿಗೆ ಇದು ಹತ್ತು ವರ್ಷಕ್ಕೂ ಮೊದಲೇ ಗೊತ್ತಿತ್ತು. 2006ರಲ್ಲಿ ಒಬ್ಬ ಇಂಜಿನಿಯರ್ ಸ್ವಿಚ್ ಬದಲಾಯಿಸಲು ಸಹಿ ಹಾಕಿದರು. ಆದರೆ ಪಾರ್ಟ್ ನಂಬರ್ ಬದಲಾಯಿಸಲಿಲ್ಲ. ಹಳೆಯದಕ್ಕೂ ಹೊಸದಕ್ಕೂ ಒಂದೇ ನಂಬರ್. ಹಾಗಾಗಿ ಆಮೇಲೆ ತನಿಖೆ ಮಾಡಿದವರಿಗೆ ಯಾವ ಕಾರಲ್ಲಿ ಯಾವ ಸ್ವಿಚ್ ಇದೆ ಎಂದೇ ತಿಳಿಯಲಿಲ್ಲ. ಕೊನೆಗೆ ಇದನ್ನು ಪತ್ತೆ ಮಾಡಿದ್ದು ಕಂಪನಿಯ ಒಳಗಿನವರಲ್ಲ. ಜಾರ್ಜಿಯಾ ರಾಜ್ಯದಲ್ಲಿ ಮಗಳನ್ನು ಕಳೆದುಕೊಂಡ ಒಂದು ಕುಟುಂಬದ ವಕೀಲರು ಗೊತ್ತು ಮಾಡಿದ್ದ ತಜ್ಞರೊಬ್ಬರು ಅಪಘಾತದ ಕಾರಿನ ಸ್ವಿಚ್ಚನ್ನೂ ಅಂಗಡಿಯಲ್ಲಿ ಕೊಂಡ ಹೊಸ ಸ್ವಿಚ್ಚನ್ನೂ ಪಕ್ಕಪಕ್ಕ ಬಿಚ್ಚಿ ನೋಡಿದರು. ನಂಬರ್ ಒಂದೇ. ಒಳಗಿನ ಸ್ಪ್ರಿಂಗ್, ಪ್ಲಂಜರ್ ಬೇರೆ.

26 ಲಕ್ಷ ಕಾರುಗಳನ್ನು ವಾಪಸ್ ಕರೆಸಿದರು. ಜಿಎಂ ಮೊದಲು ಒಪ್ಪಿಕೊಂಡದ್ದು 13 ಸಾವು. ಪರಿಹಾರ ನಿಧಿ ನಡೆಸಿದ ಕೆನೆತ್ ಫೈನ್‌ಬರ್ಗ್ ಕೊನೆಗೆ ಮಾನ್ಯ ಮಾಡಿದ್ದು 124 ಸಾವು.

2014ರ ಏಪ್ರಿಲ್ 1 ಮತ್ತು 2ರಂದು ಬಾರಾ ಅಮೆರಿಕದ ಸಂಸತ್ತಿನ ಎರಡೂ ಸದನಗಳ ಸಮಿತಿಗಳ ಮುಂದೆ ಕೂತರು. ಸತ್ತವರ ಮನೆಯವರು ಫೋಟೋ ಹಿಡಿದು ಬಂದಿದ್ದರು. ಬಾರಾ ಕ್ಷಮೆ ಕೇಳಿದರು. ಆದರೆ ಎಷ್ಟೋ ಪ್ರಶ್ನೆಗೆ ತನಿಖೆ ನಡೆಯುತ್ತಿದೆ ಎಂಬುದೇ ಉತ್ತರವಾಯಿತು. ಸದಸ್ಯರಿಗೆ ಸಿಟ್ಟು ಬಂತು, ಅದು ನ್ಯಾಯವಾದ ಸಿಟ್ಟು. ಬಾರಾ 2011ರಿಂದ ಕಾರು ತಯಾರಿಯ ವಿಭಾಗವನ್ನೇ ನಡೆಸುತ್ತಿದ್ದರು. ಅವರಿಗೆ ಈ ದೋಷ ಗೊತ್ತಿತ್ತು ಅನ್ನಲು ಸಾಕ್ಷಿ ಇಲ್ಲ ಎಂದು ಕಂಪನಿ ನೇಮಿಸಿದ ವಕೀಲ ಆಂಟನ್ ವಲೂಕಾಸ್ ತನಿಖೆ ಮಾಡಿ ಹೇಳಿದರು. ಸರಿ. ಆದರೂ ತನ್ನ ವಿಭಾಗದಲ್ಲೇ ಇದ್ದ ಇಷ್ಟು ದೊಡ್ಡ ವಿಷಯ ಮುಖ್ಯಸ್ಥೆಯವರೆಗೆ ಬರಲಿಲ್ಲ ಅನ್ನುವುದೇ ಆ ಕಂಪನಿಯ ಕಾಯಿಲೆ.

ವಲೂಕಾಸ್ ವರದಿಯಲ್ಲಿ ಆ ಕಾಯಿಲೆಗೆ ಉದ್ಯೋಗಿಗಳೇ ಇಟ್ಟಿದ್ದ ಎರಡು ಹೆಸರುಗಳಿವೆ. ಒಂದು "ಜಿಎಂ ನಾಡ್". ಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ, ಹೊರಗೆ ಹೋದ ಮೇಲೆ ಯಾರೂ ಏನೂ ಮಾಡುವುದಿಲ್ಲ. ಇನ್ನೊಂದು "ಜಿಎಂ ಸಲ್ಯೂಟ್". ಎರಡೂ ಕೈ ಎದೆಗೆ ಅಡ್ಡ ಕಟ್ಟಿ, ಬೆರಳುಗಳನ್ನು ಆಚೆ ಈಚೆ ತೋರಿಸುವುದು. ಹೊಣೆ ನನ್ನದಲ್ಲ, ಅವನದು. ಇದರ ಜೊತೆಗೆ 2008ರ ಒಂದು ತರಬೇತಿಯ ವಿಷಯವೂ ಆ ವರ್ಷ ಹೊರಬಂತು. ವರದಿಗಳಲ್ಲಿ "ಪ್ರಾಬ್ಲಂ" ಎಂದು ಬರೆಯಬೇಡಿ, "ಇಶ್ಯೂ" ಅಥವಾ "ಕಂಡಿಷನ್" ಎಂದು ಬರೆಯಿರಿ ಎಂದು ಇಂಜಿನಿಯರುಗಳಿಗೆ ಹೇಳಿಕೊಟ್ಟಿದ್ದರು. ಬಾರಾ 15 ಜನರನ್ನು ಕೆಲಸದಿಂದ ತೆಗೆದರು. ಅವರಲ್ಲಿ ದೊಡ್ಡ ಹುದ್ದೆಯವರೂ ಇದ್ದರು. ಉದ್ಯೋಗಿಗಳ ಸಭೆಯಲ್ಲಿ, ಇದನ್ನು ಮರೆತು ಮುಂದೆ ಹೋಗುವುದು ನನಗೆ ಬೇಕಿಲ್ಲ, ಈ ನೋವು ನಮ್ಮ ನೆನಪಿನಲ್ಲಿ ಉಳಿಯಬೇಕು ಎಂಬರ್ಥದಲ್ಲಿ ಮಾತಾಡಿದರು. ಕಂಪನಿಯ ಮುಖ್ಯಸ್ಥರು ಇಂಥ ಹೊತ್ತಲ್ಲಿ ಹೇಳುವುದು ಇದರ ಉಲ್ಟಾ. ಹಾಗಾಗಿ ಈ ಮಾತು ನನಗೆ ಮುಖ್ಯ ಅನ್ನಿಸಿತು. 2015ರಲ್ಲಿ ಜಿಎಂ 90 ಕೋಟಿ ಡಾಲರ್ ಕಟ್ಟಿ ನ್ಯಾಯ ಇಲಾಖೆಯ ಜೊತೆ ಒಪ್ಪಂದಕ್ಕೆ ಬಂತು.

ಇದೇ 2014ರ ಜೂನ್‌ನಲ್ಲಿ ಎನ್‌ಬಿಸಿ ಚಾನೆಲ್‌ನ ಮ್ಯಾಟ್ ಲಾವರ್, ಬಾರಾ ಅವರ ಸಂದರ್ಶನ ಮಾಡಿದರು. ಹೆಂಗಸು, ತಾಯಿ, ಕಂಪನಿಗೆ ಒಂದು ಮೃದು ಮುಖ ಬೇಕಿತ್ತು ಎಂದು ನಿಮ್ಮನ್ನು ಆರಿಸಿದರಾ ಎಂದು ಕೇಳಿದರು. ಒಳ್ಳೆ ತಾಯಿಯೂ ಒಳ್ಳೆ ಸಿಇಒ ಕೂಡ ಆಗಲು ಆಗುತ್ತಾ ಎಂದೂ ಕೇಳಿದರು. ಪ್ಲಂಜರ್, ಸ್ಪ್ರಿಂಗ್, ಪಾರ್ಟ್ ನಂಬರ್ ಬಗ್ಗೆ ಕೇಳಬೇಕಾದ ಹೊತ್ತಲ್ಲಿ ಇಂಥ ಪ್ರಶ್ನೆ. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಅಪ್ಪಂದಿರಿಗೆ ಇದನ್ನು ಯಾರೂ ಕೇಳಿರಲಿಲ್ಲ.

ಎಕ್ಸೆಟರ್ ಯೂನಿವರ್ಸಿಟಿಯ ಮಿಷೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ 2005ರಲ್ಲಿ ಒಂದು ವಿಚಾರ ಮುಂದಿಟ್ಟರು. ಕಂಪನಿ ಚೆನ್ನಾಗಿದ್ದಾಗ ಗಂಡಸರನ್ನು ಕೂರಿಸುತ್ತಾರೆ, ಮುಳುಗುವ ಹೊತ್ತಿಗೆ ಹೆಂಗಸರ ಕೈಗೆ ಚುಕ್ಕಾಣಿ ಕೊಡುತ್ತಾರೆ ಎಂದು. ಅದಕ್ಕೆ ಅವರಿಟ್ಟ ಹೆಸರು "ಗ್ಲಾಸ್ ಕ್ಲಿಫ್", ಗಾಜಿನ ಪ್ರಪಾತ. ಬಾರಾ ಅವರನ್ನು ಇದಕ್ಕೆ ಉದಾಹರಣೆ ಎಂದು ತುಂಬಾ ಜನ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಡಿಸೆಂಬರ್ 2013ರಲ್ಲಿ ಜಿಎಂ ಲಾಭದಲ್ಲಿತ್ತು, ಸರ್ಕಾರದ ಹಿಡಿತದಿಂದ ಹೊರಬಂದಿತ್ತು. ಮಂಡಳಿ ಗೊತ್ತಿದ್ದೂ ಅವರನ್ನು ತಳ್ಳಿತು ಅನ್ನಲು ಆಧಾರ ಕಾಣುವುದಿಲ್ಲ. ಪ್ರಪಾತ ಅಲ್ಲೇ ಇತ್ತು, ಅದನ್ನು ಮುಚ್ಚಿಟ್ಟವರು ಬೇರೆ. ಬಾರಾ ಬೀಳಲಿಲ್ಲ ಯಾಕೆ ಅನ್ನುವುದಕ್ಕೆ ನನ್ನ ಉತ್ತರ ಮತ್ತೆ ಅದೇ 33 ವರ್ಷ. ಯಾವ ಸಭೆಯಲ್ಲಿ ತಲೆಯಾಡಿಸುತ್ತಾರೆ, ಯಾರ ಬೆರಳು ಯಾರ ಕಡೆ ತಿರುಗುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ಅವರು ತೆಗೆದುಕೊಂಡ ತೀರ್ಮಾನಗಳನ್ನು ಹೆಣ್ಣು ಗಂಡು ಎಂದು ನೋಡದೆ ತೂಗಬೇಕು. ತೂಗಿದರೆ ಎಲ್ಲವೂ ಚೆನ್ನಾಗಿ ಕಾಣುವುದಿಲ್ಲ. ಒಳ್ಳೆಯದು ಮೊದಲು. ಜಿಎಂ ಜಗತ್ತಿನ ಮೂಲೆಮೂಲೆಯಲ್ಲಿ ಇರಲೇಬೇಕು ಎಂಬ ಹಳೇ ಹಟವನ್ನು ಅವರು ಬಿಟ್ಟರು. 1929ರಿಂದ ಕೈಯಲ್ಲಿದ್ದ ಜರ್ಮನಿಯ ಒಪೆಲ್ ಕಾರು ಕಂಪನಿಯನ್ನು 2017ರಲ್ಲಿ ಫ್ರಾನ್ಸಿನ ಕಾರು ಕಂಪನಿ ಪಿಎಸ್ಎಗೆ ಮಾರಿದರು. ವರ್ಷಗಟ್ಟಲೆ ನಷ್ಟ ತಿಂದ ಕಂಪನಿ ಅದು. ಭಾರತದಲ್ಲಿ ಶೆವರ್ಲೆ ಮಾರಾಟ ಅದೇ ವರ್ಷದ ಕೊನೆಗೆ ನಿಂತಿತು. ಕಾರು ಕೊಂಡವರಿಗೆ ಅದು ನೋವಿನ ಸಂಗತಿ. ಆದರೆ ಲೆಕ್ಕದಲ್ಲಿ ಬಾರಾ ತಪ್ಪಿರಲಿಲ್ಲ. 2024ರಲ್ಲಿ ಜಿಎಂ ತೆರಿಗೆ, ಬಡ್ಡಿಗೆ ಮೊದಲಿನ ಲಾಭವಾಗಿ 1,490 ಕೋಟಿ ಡಾಲರ್ ತೋರಿಸಿತು, ಅದು ಅದರ ದಾಖಲೆ. 2010ರಲ್ಲಿ 33 ಡಾಲರಿಗೆ ಮಾರಿದ ಷೇರು ಎಷ್ಟೋ ವರ್ಷ ಅಲ್ಲೇ ತೆವಳಿ, 2025ರ ಕೊನೆಗೆ ದುಪ್ಪಟ್ಟು ದಾಟಿತು.

ಇನ್ನೊಂದು ಕಡೆ ನೋಡಿ. ತಾನಾಗಿ ಓಡುವ ಟ್ಯಾಕ್ಸಿಗೆಂದು 2016ರಲ್ಲಿ ಕ್ರೂಸ್ ಎಂಬ ಕಂಪನಿ ಕೊಂಡರು. 2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಬೇರೆ ಕಾರು ಬಡಿದು ಬಿದ್ದ ಪಾದಚಾರಿಯೊಬ್ಬರನ್ನು ಕ್ರೂಸ್ ಕಾರು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಕ್ಯಾಲಿಫೋರ್ನಿಯಾ ಪರವಾನಗಿ ತಡೆಹಿಡಿಯಿತು. 2024ರ ಡಿಸೆಂಬರ್‌ನಲ್ಲಿ ಜಿಎಂ ಆ ಕೆಲಸವನ್ನೇ ಕೈಬಿಟ್ಟಿತು. 1,000 ಕೋಟಿ ಡಾಲರ್ ಅಷ್ಟರಲ್ಲಿ ಕರಗಿತ್ತು. ಚೀನಾದಲ್ಲಿ 2017ರಲ್ಲಿ 40 ಲಕ್ಷ ಇದ್ದ ಮಾರಾಟ 2024ರಲ್ಲಿ 20 ಲಕ್ಷಕ್ಕಿಂತ ಕೆಳಗಿಳಿಯಿತು.

ಹ್ಯಾಮ್‌ಟ್ರಾಮ್ಕ್ ಕಾರ್ಖಾನೆಗೆ ಈಗ ವಾಪಸ್ ಬರೋಣ. 2018ರ ನವೆಂಬರ್‌ನಲ್ಲಿ ಬಾರಾ ಉತ್ತರ ಅಮೆರಿಕದ ಐದು ಕಾರ್ಖಾನೆಗಳಿಗೆ ಹೊಸ ಕೆಲಸ ಕೊಡುವುದಿಲ್ಲ ಎಂದರು. 14,000ಕ್ಕೂ ಜಾಸ್ತಿ ಕೆಲಸಗಳು ಹೋಗುವ ಸುದ್ದಿ ಅದು. ಒಹಾಯೋದ ಲಾರ್ಡ್ಸ್‌ಟೌನ್ ಪಟ್ಟಿಯಲ್ಲಿತ್ತು. ಅವರೇ ಒಂದು ಕಾಲಕ್ಕೆ ನಡೆಸಿದ ಹ್ಯಾಮ್‌ಟ್ರಾಮ್ಕ್ ಕೂಡ ಇತ್ತು. ಲಾರ್ಡ್ಸ್‌ಟೌನ್ 2019ರ ಮಾರ್ಚ್‌ನಲ್ಲಿ ಮುಚ್ಚಿತು. ಆ ವರ್ಷವೇ ಯೂನಿಯನ್ 40 ದಿನ ಮುಷ್ಕರ ಮಾಡಿತು. ಹ್ಯಾಮ್‌ಟ್ರಾಮ್ಕ್ ಉಳಿಯಿತು. 220 ಕೋಟಿ ಡಾಲರ್ ಹಾಕಿ ಅದನ್ನು ಎಲೆಕ್ಟ್ರಿಕ್ ಗಾಡಿಗಳಿಗೆ ಸಜ್ಜು ಮಾಡಿ "ಫ್ಯಾಕ್ಟರಿ ಜೀರೋ" ಎಂದು ಹೆಸರಿಟ್ಟರು. 2035ಕ್ಕೆ ಹೊಗೆ ಉಗುಳುವ ಹೊಸ ಕಾರು ಮಾಡುವುದನ್ನೇ ನಿಲ್ಲಿಸುವ ಆಸೆ ನಮ್ಮದು ಎಂದು 2021ರಲ್ಲಿ ಹೇಳಿದರು. 2025ರ ಸೆಪ್ಟೆಂಬರ್ 30ಕ್ಕೆ ಅಮೆರಿಕ ಸರ್ಕಾರ ಎಲೆಕ್ಟ್ರಿಕ್ ಕಾರಿಗೆ ಕೊಡುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿ ನಿಂತಿತು. ಅಕ್ಟೋಬರ್‌ನಲ್ಲಿ ಜಿಎಂ 160 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಅದೇ ತಿಂಗಳು ಫ್ಯಾಕ್ಟರಿ ಜೀರೋದಿಂದ ಸುಮಾರು 1,200 ಜನರನ್ನು ಮನೆಗೆ ಕಳಿಸುವುದಾಗಿ ಹೇಳಿತು. ಒಂದೇ ಕಾರ್ಖಾನೆ, ಒಬ್ಬರೇ ಹೆಂಗಸು. 2003ರಲ್ಲಿ ಅಲ್ಲಿನ ಕೆಲಸದವರನ್ನು ಅವರು ದಿನಾ ಕಣ್ಣಾರೆ ನೋಡುತ್ತಿದ್ದರು.

2023ರಲ್ಲಿ ಜಿಎಂ ಕಾರ್ಮಿಕರು ಮತ್ತೆ ಮುಷ್ಕರ ಹೂಡಿದ ಹೊತ್ತಿಗೆ ಬಾರಾ ಅವರ ಸಂಬಳವೇ ಚರ್ಚೆಯ ವಿಷಯವಾಗಿತ್ತು. 2022ರಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು 2.9 ಕೋಟಿ ಡಾಲರ್. ನಾಲ್ಕು ವರ್ಷದಲ್ಲಿ ನಿಮ್ಮದು ಇಷ್ಟು ಏರಿದೆ, ನಮ್ಮದು ಯಾಕೆ ಏರಿಲ್ಲ ಎಂದು ಕಾರ್ಮಿಕರು ಕೇಳಿದರು. ಸರಿಯಾದ ಪ್ರಶ್ನೆ. ಡೈ ಮೇಕರ್ ಮಗಳಿಗೆ ಅದು ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗಬೇಕಿತ್ತು. ಸುಮಾರು ಆರು ವಾರದ ಮುಷ್ಕರದ ನಂತರ ಕಾರ್ಮಿಕರಿಗೆ ಒಪ್ಪಂದದ ಅವಧಿಯಲ್ಲಿ ಶೇ 25 ಏರಿಕೆ ಸಿಕ್ಕಿತು.

ಮೊದಲ ಪ್ರಶ್ನೆಗೆ ಬರೋಣ. ಇನ್ನೊಬ್ಬರು ಯಾಕೆ ಬರಲಿಲ್ಲ? ಒಂದು ಕಾರಣವನ್ನು ಜನ ಅಷ್ಟಾಗಿ ಹೇಳುವುದಿಲ್ಲ. ದೊಡ್ಡ ಕಾರು ಕಂಪನಿಗಳಲ್ಲಿ ಎಷ್ಟೋ ಇಂದಿಗೂ ಮನೆತನಗಳ ಹಿಡಿತದಲ್ಲಿವೆ. ಟೊಯೊಟಾವನ್ನು 2009ರಿಂದ 2023ರವರೆಗೆ ನಡೆಸಿದ್ದು ಸ್ಥಾಪಕರ ಮೊಮ್ಮಗ ಅಕಿಯೋ ಟೊಯೊಡಾ. ಹುಂಡೈ ಚುಂಗ್ ಕುಟುಂಬದ್ದು. ಫೋರ್ಡ್‌ನಲ್ಲಿ ಫೋರ್ಡ್ ಮನೆಯವರ ಮತಕ್ಕೆ ತೂಕ ಜಾಸ್ತಿ. ಫೋಕ್ಸ್‌ವ್ಯಾಗನ್‌ನಲ್ಲಿ ಪೋರ್ಷೆ-ಪೀಹ್ ಮನೆತನ. ಅಂಥ ಕಡೆ ತುದಿಗೆ ಹೋಗುವ ದಾರಿಗೆ ಬೇರೆಯೇ ಕಾವಲು. ಜಿಎಂಗೆ ಅಂಥ ಮನೆತನ ಇಲ್ಲ. ದಿವಾಳಿಯಾದ ಮೇಲೆ ಹಳೇ ಗುಂಪುಗಳೂ ಚದುರಿದ್ದವು. 2009ರ ಮಾರ್ಚ್‌ನಿಂದ 2014ರ ಜನವರಿಯೊಳಗೆ ಅಲ್ಲಿ ವ್ಯಾಗನರ್ ಹೋಗಿ ಹೆಂಡರ್ಸನ್, ವಿಟಾಕರ್, ಅಕರ್ಸನ್ ಬಂದು ಹೋದರು.

ಇನ್ನೊಂದು ಕಾರಣ, ಏಣಿ ಹತ್ತುತ್ತಿದ್ದ ಹೆಂಗಸರು ಬೇರೆ ಏಣಿಗೆ ಜಿಗಿದರು. ಚೆನ್ನೈನಲ್ಲಿ ಹುಟ್ಟಿದ ದಿವ್ಯಾ ಸೂರ್ಯದೇವರ 2018ರಲ್ಲಿ ಜಿಎಂನ ಹಣಕಾಸು ಮುಖ್ಯಸ್ಥೆ ಆದರು. ಆಗ ಜಿಎಂನ ಎರಡು ದೊಡ್ಡ ಕುರ್ಚಿಗಳಲ್ಲಿ ಹೆಂಗಸರೇ ಇದ್ದರು. ಎರಡು ವರ್ಷಕ್ಕೆ ದಿವ್ಯಾ ಸ್ಟ್ರೈಪ್ ಎಂಬ ಪಾವತಿ ಕಂಪನಿಗೆ ಹೋದರು. ಲಿಂಡಾ ಜ್ಯಾಕ್ಸನ್ ಸಿಟ್ರನ್, ಆಮೇಲೆ ಪೇಜೋ ಬ್ರ್ಯಾಂಡುಗಳನ್ನು ನಡೆಸಿದರು. ಆದರೆ ಅವೆರಡೂ ಒಂದು ದೊಡ್ಡ ಗುಂಪಿನ ಕೊಂಬೆಗಳು, ಗುಂಪಿನ ತುದಿಯಲ್ಲಿ ಬೇರೆಯವರಿದ್ದರು. ಕಾರು ಕಂಪನಿಗಿಂತ ಟೆಕ್ ಕಂಪನಿಯಲ್ಲಿ ಸಂಬಳ ಬೇಗ ಏರುತ್ತದೆ, ಕೆಲಸ ಬದಲಾಯಿಸುವುದು ಸುಲಭ. ಒಂದೇ ಕಂಪನಿಯಲ್ಲಿ 33 ವರ್ಷ ಕಾಯುವವರು ಈಗ ಗಂಡಸರಲ್ಲೂ ಕಮ್ಮಿ. ಕಾಯಿಸಿ ಆರಿಸುವ ಪದ್ಧತಿಯೇ ಸವೆದರೆ ಬಾರಾ ಬಂದ ದಾರಿಯೂ ಸವೆಯುತ್ತದೆ. ಮಂಡಳಿಯಲ್ಲಿ ಹೆಂಗಸರು ಜಾಸ್ತಿ ಆದರೆ ಸಾಕು ಅನ್ನುವುದನ್ನೂ ನಾನು ನಂಬುವುದಿಲ್ಲ. 2019ರಲ್ಲೇ ಜಿಎಂ ಮಂಡಳಿಯಲ್ಲಿ ಗಂಡಸರಿಗಿಂತ ಹೆಂಗಸರು ಜಾಸ್ತಿ ಇದ್ದರು. ಮಂಡಳಿ ಆರಿಸಬೇಕಾದರೆ ಕೆಳಗೆ ಪ್ಲಾಂಟ್ ನಡೆಸಿದವರು, ಕಾರು ತಯಾರಿಸಿದವರು ಸಾಲಾಗಿ ನಿಂತಿರಬೇಕು. ಆ ಸಾಲು ತಯಾರಾಗಲು 15, 20 ವರ್ಷ ಬೇಕು.

ಹಾಗಾಗಿ ಈಗ ನಾನು ಕಣ್ಣಿಟ್ಟು ನೋಡುತ್ತಿರುವ ಹೆಸರು ಅಲಿಷಿಯಾ ಬೋಲರ್ ಡೇವಿಸ್. ಅವರೂ ಇಂಜಿನಿಯರ್. ಜಿಎಂನಲ್ಲೇ ಬೆಳೆದವರು. ಟೆಕ್ಸಸ್‌ನ ಆರ್ಲಿಂಗ್ಟನ್ ಕಾರ್ಖಾನೆ ನಡೆಸಿದವರು, ಜಿಎಂ ಕಾರು ಕಾರ್ಖಾನೆ ನಡೆಸಿದ ಮೊದಲ ಕಪ್ಪು ಮಹಿಳೆ. ಮುಂದೆ ಜಗತ್ತಿನ ಎಲ್ಲ ಜಿಎಂ ಕಾರ್ಖಾನೆಗಳ ಉತ್ಪಾದನೆಯ ಹೊಣೆ ಅವರದಾಯಿತು. 2019ರಲ್ಲಿ ಅವರು ಅಮೆಜಾನ್‌ಗೆ ಹೋದಾಗ ಕಾರು ಉದ್ಯಮ ಇನ್ನೊಬ್ಬರನ್ನು ಕಳೆದುಕೊಂಡಿತು ಎಂದೇ ಅಂದುಕೊಂಡಿದ್ದೆ. 2025ರ ಅಕ್ಟೋಬರ್‌ನಲ್ಲಿ ಅವರು ಡೆಟ್ರಾಯಿಟ್‌ಗೆ ವಾಪಸ್ ಬಂದರು, ಈ ಸಲ ಫೋರ್ಡ್‌ಗೆ. ಅವರಿಗೆ ಕೊಟ್ಟದ್ದು ಎಚ್ಆರ್ ಅಲ್ಲ, ಪ್ರಚಾರವೂ ಅಲ್ಲ. ವ್ಯಾನು, ಟ್ರಕ್ಕುಗಳನ್ನು ಕಂಪನಿಗಳಿಗೆ ಮಾರುವ ಫೋರ್ಡ್ ಪ್ರೊ. ಫೋರ್ಡ್‌ಗೆ ಅತಿ ಜಾಸ್ತಿ ಲಾಭ ತರುವ ವಿಭಾಗ ಅದೇ.